ಕೇಳುವವರ ದನಿಯೂ ಸೇರಿದ ಹಾಡು: ಬಿ. ಬಿ. ಕಿಂಗನ ರೀಗಲ್ ಧ್ವನಿಮುದ್ರಿಕೆ

ಕಲೆಯ ಆಸ್ವಾದವೆಂದರೆ ಕೃತಿ ಮುಗಿದ ಬಳಿಕ ರಸಿಕನ ಮನಸ್ಸಿನಲ್ಲಿ ನಡೆಯುವ ವ್ಯಾಪಾರವೆಂದು ಸಾಮಾನ್ಯವಾಗಿ ತಿಳಿಯಲಾಗುತ್ತದೆ. ಕವಿಯು ಬರೆದು ಮುಗಿಸುತ್ತಾನೆ, ಓದುಗನು ಓದಿ ಮೆಚ್ಚುತ್ತಾನೆ. ಗಾಯಕನು ಹಾಡಿ ಮುಗಿಸುತ್ತಾನೆ, ಕೇಳಿದವನು ತಲೆದೂಗುತ್ತಾನೆ. ಗ್ರಾಮಫೋನು ಬಂದ ಮೇಲಂತೂ ಈ ಎಣಿಕೆ ಇನ್ನಷ್ಟು ಗಟ್ಟಿಯಾಯಿತು. ಹಾಡಿದವನು ಎಲ್ಲಿಯೋ, ಕೇಳುವವನು ಎಲ್ಲಿಯೋ. ನಡುವೆ ಒಂದು ತಟ್ಟೆ. ಆ ತಟ್ಟೆಗೆ ಕೇಳುಗನ ಇರವೇ ತಿಳಿಯದು. ಆದರೆ ಈ ಎಣಿಕೆಗೆ ಒಗ್ಗದ ಸಂಗೀತ ಪದ್ಧತಿಗಳೂ ಲೋಕದಲ್ಲಿವೆ. ಅಮೆರಿಕದ ಕಪ್ಪು ಜನರ ಬ್ಲೂಸ್ ಅವುಗಳಲ್ಲೊಂದು. ಆ ಪದ್ಧತಿಯ ಒಂದು ಹೆಸರಾಂತ ಧ್ವನಿಮುದ್ರಿಕೆಯಲ್ಲಿ ಶ್ರೋತೃಗಳ ಮೆಚ್ಚುಗೆಯು ಸಂಗೀತದ ಒಳಗೇ, ಮೇಳದ ಇನ್ನೊಂದು ವಾದ್ಯವೆಂಬಂತೆ, ಸೇರಿಹೋಗಿದೆ.

1964ನೆಯ ಇಸವಿಯ ನವೆಂಬರ್ 21ರಂದು ಚಿಕಾಗೋ ನಗರದ ರೀಗಲ್ ರಂಗಮಂದಿರದಲ್ಲಿ ಬಿ. ಬಿ. ಕಿಂಗನು ತನ್ನ ಮೇಳದೊಡನೆ ಹಾಡಿ ಗಿಟಾರ್ ನುಡಿಸಿದನು. ಅದನ್ನು ಸ್ಥಳದಲ್ಲೇ ಮುದ್ರಿಸಿಕೊಂಡ ಎಬಿಸಿ-ಪ್ಯಾರಮೌಂಟ್ ಕಂಪೆನಿಯು 1965ರಲ್ಲಿ 'ಲೈವ್ ಅಟ್ ದ ರೀಗಲ್' ಎಂಬ ಹೆಸರಿನಿಂದ ಹೊರತಂದಿತು. ಹತ್ತು ಹಾಡುಗಳು, ಒಟ್ಟು ಮೂವತ್ತೈದು ನಿಮಿಷದ ಆಸುಪಾಸು. ಒಂದು ಸಣ್ಣ ಕಚೇರಿಯ ಅರ್ಧದಷ್ಟೂ ಆಗದು. ಆದರೂ 2005ರಲ್ಲಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಇದನ್ನು ರಾಷ್ಟ್ರವು ಕಾಪಿಡಬೇಕಾದ ಧ್ವನಿಮುದ್ರಣಗಳ ಪಟ್ಟಿಗೆ ಸೇರಿಸಿತು. ಎರಿಕ್ ಕ್ಲಾಪ್ಟನ್, ಮಾರ್ಕ್ ನಾಫ್ಲರ್ ಅವರಂಥ ಇಂಗ್ಲಿಷ್ ಗಿಟಾರ್ ವಾದಕರು ತಾವು ವೇದಿಕೆಯೇರುವ ಮುನ್ನ ಈ ಮುದ್ರಿಕೆಯನ್ನು ಕೇಳಿ ಮನಸ್ಸನ್ನು ಹದಗೊಳಿಸಿಕೊಳ್ಳುತ್ತಿದ್ದುದನ್ನು ಒಪ್ಪಿಕೊಂಡಿದ್ದಾರೆ. ಇದರಲ್ಲಿ ಅಂಥದೇನಿದೆ ಎಂಬುದನ್ನು ತಿಳಿಯಬೇಕಾದರೆ ಮೊದಲು ಬ್ಲೂಸಿನ ಕಟ್ಟನ್ನು ತಿಳಿಯಬೇಕು.

ಬ್ಲೂಸ್ ಹಾಡಿನ ಕಟ್ಟು ಬಹು ಸರಳವಾದದ್ದು. ನಾಲ್ಕು ನಾಲ್ಕು ಎಣಿಕೆಗಳ ಹನ್ನೆರಡು ಆವರ್ತಗಳು. ಅವುಗಳ ಮೇಲೆ ಮೂರು ಸಾಲುಗಳ ಒಂದು ಪದ್ಯ. ಮೊದಲ ಸಾಲನ್ನೇ ಎರಡನೆಯ ಸಲವೂ ಹಾಡುತ್ತಾರೆ, ಮೂರನೆಯ ಸಾಲು ಅದಕ್ಕೆ ಉತ್ತರವಾಗಿಯೋ ಕೊಂಕಾಗಿಯೋ ಬಂದು ಪದ್ಯವನ್ನು ಮುಗಿಸುತ್ತದೆ. ಹಿನ್ನೆಲೆಯ ಸ್ವರಮೇಳವು ಮೊದಲ ನಾಲ್ಕು ಆವರ್ತಗಳಲ್ಲಿ ಷಡ್ಜವನ್ನು ನೆಲೆಯಾಗಿ ಹಿಡಿದಿದ್ದು, ನಡುವಿನ ನಾಲ್ಕರಲ್ಲಿ ಮಧ್ಯಮಕ್ಕೆ ಏರಿ ಮರಳಿ, ಕೊನೆಯ ನಾಲ್ಕರಲ್ಲಿ ಪಂಚಮವನ್ನು ಮುಟ್ಟಿ ಮಧ್ಯಮದ ಮೂಲಕ ಷಡ್ಜಕ್ಕೆ ಇಳಿಯುತ್ತದೆ. ಸಾವಿರಾರು ಹಾಡುಗಳು ಇದೊಂದೇ ಅಚ್ಚಿನಲ್ಲಿ ಬಿದ್ದಿವೆ. ರಾಗಗಳ ವೈವಿಧ್ಯದಲ್ಲಿ ಬೆಳೆದ ಕಿವಿಗೆ ಇದು ಮೊದಮೊದಲು ಬರಿಯ ಪುನರುಕ್ತಿಯಾಗಿ ಕೇಳಿಸುವುದು ಸಹಜ. ಆದರೆ ಲಕ್ಷ್ಯವಿಟ್ಟು ನೋಡಿದರೆ ಈ ಅಚ್ಚಿನಲ್ಲಿ ಒಂದು ಗುಟ್ಟಿದೆ. ಪ್ರತಿಯೊಂದು ಸಾಲಿಗೂ ನಾಲ್ಕು ಆವರ್ತಗಳ ಜಾಗವುಂಟು. ಆದರೆ ಹಾಡುವ ಮಾತು ಎರಡು ಎರಡೂವರೆ ಆವರ್ತಗಳಲ್ಲೇ ಮುಗಿದುಹೋಗುತ್ತದೆ. ಮಿಕ್ಕದ್ದು ಖಾಲಿ. ಬ್ಲೂಸಿನ ಜೀವವೆಲ್ಲ ಈ ಖಾಲಿ ಜಾಗದಲ್ಲಿದೆ ಎಂದರೂ ತಪ್ಪಾಗದು. ಅಲ್ಲಿ ಯಾರೋ ಉತ್ತರ ಕೊಡಬೇಕು. ಹೊಲದಲ್ಲಿ ದುಡಿಯುವಾಗ ಒಬ್ಬನು ಕೂಗಿದ್ದಕ್ಕೆ ಮಿಕ್ಕವರು ದನಿಗೂಡಿಸುತ್ತಿದ್ದರು. ಇಗರ್ಜಿಯಲ್ಲಿ ಬೋಧಕನ ಒಂದೊಂದು ವಾಕ್ಯಕ್ಕೂ ಸಭೆಯು 'ಆಮೆನ್' ಎಂದು ಹೇಳುತ್ತಿತ್ತು. ಆಫ್ರಿಕದಿಂದ ಬಂದ ಈ ಕರೆ-ಓಗೊಡುವಿಕೆಯ ಪದ್ಧತಿಯೇ ಬ್ಲೂಸಿನ ಖಾಲಿ ಜಾಗಕ್ಕೆ ಮೂಲ. ಒಬ್ಬನೇ ಕುಳಿತು ಹಾಡುವಾಗ ಓಗೊಡುವವರಿಲ್ಲ. ಆಗ ಕೈಯಲ್ಲಿರುವ ಗಿಟಾರೇ ಆ ಕೆಲಸವನ್ನು ಮಾಡಬೇಕಾಗುತ್ತದೆ.

ಸ್ವರಗಳ ವಿಷಯದಲ್ಲಿಯೂ ಕರ್ಣಾಟಕ ಸಂಗೀತವನ್ನು ಬಲ್ಲವರು ಗಮನಿಸತಕ್ಕ ಒಂದು ಸಂಗತಿಯಿದೆ. ಪಿಯಾನೋದ ಮೇಲೆ ಸಾಧಾರಣ ಗಾಂಧಾರಕ್ಕೂ ಅಂತರ ಗಾಂಧಾರಕ್ಕೂ ಬೇರೆ ಬೇರೆ ಮನೆಗಳಿವೆ, ನಡುವೆ ಏನೂ ಇಲ್ಲ. ಬ್ಲೂಸ್ ಹಾಡುವವನ ಗಾಂಧಾರವಾದರೋ ಈ ಎರಡರ ನಡುವೆ ಎಲ್ಲಿಯೋ ತೂಗಾಡುತ್ತಿರುತ್ತದೆ. ನಿಷಾದವು ಕೈಶಿಕಿಯ ಕಡೆಗೆ ಇಳಿದಿರುತ್ತದೆ. ಪಾಶ್ಚಾತ್ಯ ಶಾಸ್ತ್ರದ ಕಣ್ಣಿಗೆ ಇದು ಅಪಸ್ವರ. ವೀಣೆಯ ತಂತಿಯನ್ನು ಪಕ್ಕಕ್ಕೆ ಎಳೆದು ಗಮಕವನ್ನು ತೆಗೆಯುವುದನ್ನು ಕಂಡವರಿಗೆ ಪರಿಚಿತವಾದ ವ್ಯಾಪಾರ. ಗಿಟಾರಿನಲ್ಲೂ ಅದೇ ಉಪಾಯ: ಎಡಗೈ ಬೆರಳಿನಿಂದ ತಂತಿಯನ್ನು ಮೆಟ್ಟಿನ ಮೇಲೆಯೇ ಅಡ್ಡಲಾಗಿ ತಳ್ಳಿದರೆ ಬಿಗಿ ಹೆಚ್ಚಿ ಸ್ವರವು ಮೇಲೇರುತ್ತದೆ. ಎಷ್ಟು ಏರಬೇಕು, ಎಲ್ಲಿ ತಂಗಬೇಕು, ತಂಗಿದ ಮೇಲೆ ಹೇಗೆ ನಡುಗಬೇಕು ಎಂಬಲ್ಲಿ ವಾದಕನ ಸ್ವಂತಿಕೆ. ಎರಡು ಪದ್ಧತಿಗಳೂ ಒಂದೇ ಎಂದು ಇದರಿಂದ ಸಾಧಿಸಹೊರಡುವುದು ಅವಿವೇಕವಾದೀತು. ರಾಗದ ಕಲ್ಪನೆಯೇ ಬ್ಲೂಸಿನಲ್ಲಿಲ್ಲ. ತಂತಿಯಿಂದ ಕಂಠದ ಕೆಲಸವನ್ನು ಮಾಡಿಸಬೇಕೆಂಬ ಹಟ ಮಾತ್ರ ಎರಡರಲ್ಲೂ ಸಮಾನ.

ಈ ಹಟ ಕಿಂಗನಲ್ಲಿ ಹೇಗೆ ಬೆಳೆಯಿತೆಂಬುದು ಸ್ವಾರಸ್ಯಕರವಾದ ವಿಚಾರ. ರೈಲಿ ಬಿ. ಕಿಂಗ್ ಹುಟ್ಟಿದ್ದು 1925ರ ಸೆಪ್ಟೆಂಬರ್ 16ರಂದು, ಮಿಸಿಸಿಪ್ಪಿ ರಾಜ್ಯದ ಹತ್ತಿಯ ಹೊಲಗಳ ನಡುವೆ. ಹುಡುಗನಾಗಿದ್ದಾಗ ತಾನೂ ಹತ್ತಿ ಬಿಡಿಸಿದವನು, ಪಾಲಿನ ಬೇಸಾಯದಲ್ಲಿ ಬಳಲಿದವನು. ಇಗರ್ಜಿಯ ಬೋಧಕನೊಬ್ಬನು ಉಪದೇಶದ ನಡುವೆ ಗಿಟಾರ್ ನುಡಿಸುತ್ತಿದ್ದುದೇ ಅವನಿಗೆ ವಾದ್ಯದ ಮೊದಲ ಆಕರ್ಷಣೆ. ಮುಂದೆ ಮೆಂಫಿಸ್ ನಗರಕ್ಕೆ ಹೋದಾಗ ತಾಯಿಯ ಕಡೆಯ ಬಂಧು ಬುಕ್ಕಾ ವೈಟನ ಬಳಿ ತಂಗಿದನು. ವೈಟನು ಬೆರಳಿಗೆ ಲೋಹದ ಕೊಳವೆಯನ್ನು ತೊಟ್ಟು ತಂತಿಯ ಮೇಲೆ ಜಾರಿಸಿ, ಮೆಟ್ಟುಗಳ ಹಂಗಿಲ್ಲದೆ ಸ್ವರಗಳನ್ನು ಅಳಿಸುತ್ತ ನುಡಿಸುವುದರಲ್ಲಿ ನಿಪುಣ. ಕಿಂಗನಿಗೆ ಎಷ್ಟು ಪ್ರಯತ್ನಿಸಿದರೂ ಆ ಕೊಳವೆಯ ವಿದ್ಯೆ ಒಲಿಯಲಿಲ್ಲ. ಆ ನಾದವನ್ನು ಬರಿಯ ಬೆರಳಿನಿಂದಲೇ ಪಡೆಯಬೇಕೆಂದು ಸ್ವರವನ್ನು ಹಿಡಿದು ಮಣಿಕಟ್ಟನ್ನು ವೇಗವಾಗಿ ನಡುಗಿಸುವ ಕ್ರಮವೊಂದನ್ನು ರೂಢಿಸಿಕೊಂಡನು. ಅವನ ನಡುಗು ಸ್ವರವನ್ನು ಇಂದು ಜಗತ್ತಿನ ಯಾವ ಮೂಲೆಯಲ್ಲಿ ಕೇಳಿದರೂ ಬಲ್ಲವರು ಗುರುತಿಸುತ್ತಾರೆ. ಅದು ಹುಟ್ಟಿದ್ದು ಒಂದು ಅಸಾಮರ್ಥ್ಯದಿಂದ. ಇನ್ನೊಂದು ಅಸಾಮರ್ಥ್ಯವನ್ನೂ ಅವನು ಮುಚ್ಚಿಟ್ಟವನಲ್ಲ: ಹಾಡುವುದನ್ನೂ ನುಡಿಸುವುದನ್ನೂ ಒಟ್ಟಿಗೆ ಮಾಡಲು ಅವನಿಂದ ಆಗುತ್ತಿರಲಿಲ್ಲ. ಹಾಡುವಾಗ ಕೈ ಸುಮ್ಮನಿರುತ್ತದೆ, ಕೈ ನುಡಿಯುವಾಗ ಬಾಯಿ ಸುಮ್ಮನಿರುತ್ತದೆ. ಹೀಗಾಗಿ ಹಾಡಿನ ಸಾಲು ಮತ್ತು ಗಿಟಾರಿನ ಉತ್ತರ ಎಂದೂ ಒಂದರ ಮೇಲೊಂದು ಬೀಳುವುದಿಲ್ಲ. ಇಬ್ಬರು ಎದುರುಬದುರಾಗಿ ಕುಳಿತು ಮಾತನಾಡಿದಂತೆ ಕೇಳುತ್ತದೆ. ಆ ಗಿಟಾರಿಗೆ ಅವನಿಟ್ಟ ಹೆಸರು ಲೂಸಿಲ್. 1949ರ ಚಳಿಗಾಲದಲ್ಲಿ ಆರ್ಕನ್ಸಾ ರಾಜ್ಯದ ಟ್ವಿಸ್ಟ್ ಎಂಬ ಊರಿನ ಕುಣಿತದ ಮನೆಯಲ್ಲಿ ಇಬ್ಬರು ಗಂಡಸರು ಲೂಸಿಲ್ ಎಂಬ ಹೆಂಗಸಿಗಾಗಿ ಬಡಿದಾಡಿ, ಸೀಮೆಎಣ್ಣೆಯ ಡಬ್ಬ ಉರುಳಿ ಮನೆಗೆ ಬೆಂಕಿ ಬಿತ್ತು. ಹೊರಗೆ ಓಡಿಬಂದ ಕಿಂಗನು ಒಳಗುಳಿದ ಗಿಟಾರಿಗಾಗಿ ಬೆಂಕಿಗೆ ಮರಳಿ ನುಗ್ಗಿದನಂತೆ. ಮುಂದೆಂದೂ ಅಂಥ ಮೂರ್ಖತನಕ್ಕೆ ಇಳಿಯಬಾರದೆಂಬ ನೆನಪಿಗಾಗಿ ಇಟ್ಟ ಹೆಸರದು.

ಕಿಂಗನ ವಿದ್ಯೆಯು ಇಷ್ಟಾದರೆ, ಕೇಳುವವರು ಯಾರು? ರೀಗಲ್ ಮಂದಿರವಿದ್ದುದು ಚಿಕಾಗೋ ನಗರದ ದಕ್ಷಿಣ ಭಾಗದಲ್ಲಿ, ಕಪ್ಪು ಜನರೇ ತುಂಬಿದ್ದ ಬಡಾವಣೆಯ ನಡುಮಧ್ಯದಲ್ಲಿ. 1928ರಲ್ಲಿ ತೆರೆದ ಆ ಮಂದಿರದಲ್ಲಿ ಕಪ್ಪು ಸಂಗೀತಗಾರರಲ್ಲಿ ಹೆಸರಾದವರೆಲ್ಲ ಹಾಡಿದ್ದರು. ಅಲ್ಲಿ ಬಂದು ಕುಳಿತವರಲ್ಲಿ ಬಹು ಮಂದಿ ದಕ್ಷಿಣದ ಹೊಲಗಳನ್ನು ಬಿಟ್ಟು ಬಂದವರು ಅಥವಾ ಅಂಥವರ ಮಕ್ಕಳು. ಒಂದನೆಯ ಮಹಾಯುದ್ಧದ ಕಾಲದಿಂದ 1970ರವರೆಗೆ ಸುಮಾರು 60 ಲಕ್ಷ ಕಪ್ಪು ಜನರು ಅಮೆರಿಕದ ದಕ್ಷಿಣ ರಾಜ್ಯಗಳನ್ನು ಬಿಟ್ಟು ಉತ್ತರದ ಮತ್ತು ಪಶ್ಚಿಮದ ನಗರಗಳಿಗೆ ವಲಸೆ ಹೋದರೆಂದು ಚರಿತ್ರಕಾರರು ಲೆಕ್ಕ ಹಾಕುತ್ತಾರೆ. ಮಿಸಿಸಿಪ್ಪಿಯವರಿಗೆ ಇಲಿನಾಯ್ ಸೆಂಟ್ರಲ್ ರೈಲು ನೇರವಾಗಿ ಚಿಕಾಗೋದಲ್ಲಿ ಇಳಿಸುತ್ತಿತ್ತು. ಕಸಾಯಿಖಾನೆ, ಉಕ್ಕಿನ ಕಾರ್ಖಾನೆ, ಸಿರಿವಂತರ ಮನೆಯ ಅಡಿಗೆಕೋಣೆ—ಇವು ಅವರಿಗೆ ಸಿಕ್ಕಿದ ಜಾಗಗಳು. ವಾರವೆಲ್ಲ ದುಡಿದು ಶನಿವಾರ ಸಂಜೆ ಒಳ್ಳೆಯ ಉಡುಪು ತೊಟ್ಟು ರೀಗಲಿಗೆ ಬಂದವರು ಇವರು. ನವೆಂಬರ್ 21 ಕೂಡ ಶನಿವಾರವೇ ಆಗಿತ್ತು. ಕಿಂಗನು ಅವರಿಗೆ ಊರಿನ ಕಡೆಯವನು. ಅವನ ಹಾಡಿನಲ್ಲಿ ಅವರು ಕೇಳಿದ್ದು ಬಿಟ್ಟುಬಂದ ಊರಿನ ಮಾತಿನ ವರಸೆ. ಅದರ ಸುತ್ತ ನಗರದ ಸ್ಯಾಕ್ಸೊಫೋನು, ತುತ್ತೂರಿ, ವಿದ್ಯುತ್ತಿನ ಗಿಟಾರು. ದೂರದ ನಗರದ ಬಾಡಿಗೆ ಸಭಾಂಗಣದಲ್ಲಿ ಊರಿನ ಯಕ್ಷಗಾನ ಮೇಳದ ಚೆಂಡೆ ಕೇಳಿದೊಡನೆ ಬೆನ್ನು ನೆಟ್ಟಗೆ ಮಾಡಿ ಕೂರುವ ಮುಂಬಯಿಯ ಕನ್ನಡಿಗನಿಗೆ ಈ ಸಭೆಯ ಸ್ಥಿತಿಯನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಹೋಲಿಕೆಯನ್ನು ಇದಕ್ಕಿಂತ ಮುಂದೆ ಎಳೆಯುವುದು ಮಾತ್ರ ಸಲ್ಲದು. ಅವರು ಬಿಟ್ಟುಬಂದ ಊರಿನಲ್ಲಿ ಮತ ಹಾಕುವ ಹಕ್ಕೂ ಇರಲಿಲ್ಲ, ಮರಕ್ಕೆ ನೇತುಹಾಕುವ ಭಯವೂ ಇತ್ತು.

ಈಗ ಮುದ್ರಿಕೆಗೆ ಬರಬಹುದು. ಮೊದಲ ಹಾಡು ವೇಗವಾದದ್ದು, ಸಭೆಯನ್ನು ಎಬ್ಬಿಸಲು ಇರುವಂಥದು. ಅದು ಮುಗಿದೊಡನೆ ಕಿಂಗನು ಸಭೆಯನ್ನು ಕುರಿತು ನಾಲ್ಕು ಮಾತನಾಡುತ್ತಾನೆ: ಇನ್ನು ಕೆಲವು ಹಳೆಯ ಹಾಡುಗಳತ್ತ ಹೋಗೋಣ, ನಿಮಗೆ ನೆನಪಿರುವ ಹಾಡು ಬಂದರೆ ಸ್ವಲ್ಪ ಗದ್ದಲ ಮಾಡಿ ನಮಗೆ ತಿಳಿಸಿ ಎಂಬರ್ಥದ ಕೋರಿಕೆ. ಈ ಕೋರಿಕೆಯು ಬರಿಯ ಉಪಚಾರವೆಂದು ತಿಳಿದರೆ ಮುದ್ರಿಕೆಯ ಬೀಗದ ಕೈಯನ್ನೇ ಕಳೆದುಕೊಂಡಂತೆ. ಗದ್ದಲವನ್ನು ಸಹಿಸುವ ಕಲಾವಿದರುಂಟು, ಬಯಸುವವರೂ ಉಂಟು; ಇಲ್ಲಿ ಗದ್ದಲಕ್ಕೆ ಒಂದು ಕೆಲಸವನ್ನೇ ಒಪ್ಪಿಸಲಾಗಿದೆ. ಮುಂದಿನ ಹಾಡು 'ಸ್ವೀಟ್ ಲಿಟಲ್ ಏಂಜೆಲ್'. 1930ರಲ್ಲಿ ಲೂಸಿಲ್ ಬೋಗನ್ ಎಂಬಾಕೆ ಹಾಡಿದ ಹಳೆಯ ಹಾಡೊಂದರಿಂದ ಬೆಳೆದುಬಂದದ್ದು. ಕಿಂಗನೇ 1956ರಲ್ಲಿ ಮುದ್ರಿಸಿದ್ದ ಹಾಡು. ಹೀಗಾಗಿ ಸಭೆಗೆ ಅದು ಕಂಠಸ್ಥ. ಗಿಟಾರಿನ ಮೊದಲ ಸ್ವರಗಳು ಕೇಳಿದೊಡನೆ ಹೆಂಗಸರ ಕೂಗು ಏಳುತ್ತದೆ. ಸಾಲಿನ ಕೊನೆಯಲ್ಲಿ ದನಿಯನ್ನು ಬಿಟ್ಟು ಗಿಟಾರನ್ನು ಎತ್ತಿಕೊಂಡಾಗ ಇನ್ನೊಂದು ಬಗೆಯ ಕೂಗು. ಎರಡು ಮೂರು ಸಲ ಕೇಳಿದರೆ ಈ ಕೂಗುಗಳಲ್ಲಿ ಭೇದಗಳಿರುವುದು ಗೊತ್ತಾಗುತ್ತದೆ. ಗುರುತು ಹಿಡಿದ ಸಂತೋಷದ್ದು ಒಂದು. ಬಿಗಿದ ಸ್ವರವು ತನ್ನ ನೆಲೆಯನ್ನು ಮುಟ್ಟಿದಾಗಿನ ನಿಟ್ಟುಸಿರಿನಂಥದು ಇನ್ನೊಂದು. 'ಹೌದಪ್ಪ, ನನಗೂ ಹೀಗೇ ಆಗಿತ್ತು' ಎಂಬ ಒಪ್ಪಿಗೆಯದು ಮೂರನೆಯದು. ಮೂರನೆಯದೇ ಮುದ್ರಿಕೆಯಲ್ಲಿ ಹೆಚ್ಚು ಬೆಲೆಬಾಳುವಂಥದು.

ಆ ಮೂರನೆಯ ಬಗೆಯ ತುತ್ತತುದಿಯನ್ನು 'ಹೌ ಬ್ಲೂ ಕ್ಯಾನ್ ಯು ಗೆಟ್' ಎಂಬ ಹಾಡಿನಲ್ಲಿ ಕೇಳಬಹುದು. ಹೆಂಡತಿಗೆ ತಾನು ತಂದುಕೊಟ್ಟದ್ದನ್ನೂ, ಅವಳು ಪ್ರತಿಯೊಂದನ್ನೂ ಹೇಗೆ ಹೀಗಳೆದಳೆಂಬುದನ್ನೂ ಗಂಡನೊಬ್ಬನು ಒಂದೊಂದಾಗಿ ಎಣಿಸುತ್ತಾನೆ. ಆ ಎಣಿಕೆಯ ಕಾಲದಲ್ಲಿ ಮೇಳವು ತಾಳವನ್ನು ನಿಲ್ಲಿಸಿ ಪ್ರತಿ ಮಾತಿನ ಕೊನೆಗೊಂದು ಪೆಟ್ಟನ್ನು ಮಾತ್ರ ಕೊಡುತ್ತದೆ. ಮಾತು ಬೆತ್ತಲೆಯಾಗಿ ಸಭೆಯ ಮುಂದೆ ನಿಲ್ಲುತ್ತದೆ. ಎಣಿಕೆ ಏರುತ್ತ ಏರುತ್ತ ಕೊನೆಗೆ ಅವರ ಏಳು ಮಕ್ಕಳವರೆಗೆ ಬಂದಾಗ ಮಂದಿರವು ಸಿಡಿದಂತೆ ಆರ್ಭಟಿಸುತ್ತದೆ. ದುಃಖದ ಹಾಡಿಗೆ ಇಂಥ ನಗೆಯ ಆರ್ಭಟವೇಕೆ ಎಂದು ಹೊಸಬರು ಬೆರಗಾಗಬಹುದು. ಕರುಣ ಹಾಸ್ಯಗಳನ್ನು ಬೇರೆ ಬೇರೆ ಬಟ್ಟಲುಗಳಲ್ಲಿಟ್ಟು ಸವಿಯುವ ಅಭ್ಯಾಸ ಇಲ್ಲಿ ನಡೆಯದು. ಗಂಡನ ದುಃಖ ನಿಜ, ಅವನ ಲೆಕ್ಕಾಚಾರ ನಗೆಗೀಡು, ಕೇಳುವ ಹೆಂಗಸರಲ್ಲಿ ಅರ್ಧ ಮಂದಿ ಆ ಹೆಂಡತಿಯ ಪಕ್ಷ. ಎಲ್ಲವೂ ಒಂದೇ ಕ್ಷಣದಲ್ಲಿ ಕೂಡಿ ಆ ಕೂಗಾಗಿದೆ. ಗ್ರಂಥಗಳಲ್ಲಿ ಬ್ಲೂಸನ್ನು ಬರಿಯ ಗೋಳಿನ ಹಾಡೆಂದು ಬಣ್ಣಿಸುವವರು ಈ ಒಂದು ನಿಮಿಷವನ್ನು ಕೇಳಿದ್ದರೆ ತಮ್ಮ ವಾಕ್ಯವನ್ನು ತಿದ್ದಿಕೊಳ್ಳುತ್ತಿದ್ದರು.

'ವರಿ, ವರಿ' ಎಂಬ ಹಾಡು ಮುದ್ರಿಕೆಯಲ್ಲಿ ಅತ್ಯಂತ ವಿಸ್ತಾರವಾದದ್ದು. ಮಾತು ತೊಡಗುವ ಮುನ್ನವೇ ಗಿಟಾರು ದೀರ್ಘವಾಗಿ, ಅವಸರವಿಲ್ಲದೆ ನುಡಿಯುತ್ತದೆ. ಸ್ವರಗಳು ಕಡಮೆ, ಬಿಡುವುಗಳು ಹೆಚ್ಚು. ಕಿಂಗನ ಮಿತವ್ಯಯವನ್ನು ಅರಿಯಬೇಕಾದವರು ಇಲ್ಲಿ ಅವನು ನುಡಿಸದೆ ಬಿಟ್ಟ ಸ್ವರಗಳನ್ನು ಎಣಿಸಬೇಕು. ಬಳಿಕ ಹಾಡು, ಕಳ್ಳದನಿಯ ಎತ್ತರ. ನಡುವೆ ಹಾಡನ್ನು ನಿಲ್ಲಿಸಿ ಸಭೆಗೆ ಒಂದು ಬುದ್ಧಿಮಾತು. ಹೆಂಗಸರಿಗೆ ಹೇಳುವುದು: ಗಂಡಸು ನಿಮ್ಮಿಷ್ಟದಂತೆ ನಡೆಯದಿದ್ದರೆ ಅವನ ಮೇಲೆ ಆಯುಧವೆತ್ತಬೇಡಿ. ಗಂಡಸರಿಗೆ ಹೇಳುವುದು: ಹೆಂಗಸಿನ ಮೇಲೆ ಕೈಮಾಡಬೇಡಿ, ಮೆಲುನುಡಿಯಿಂದ ಒಲಿಸಿಕೊಳ್ಳಿ. ಕಥೆಯ ನಡುವೆ ಚಿಟಿಕೆ ನಿಲ್ಲಿಸಿ ಸಭೆಯ ಸಂಸಾರಗಳನ್ನೇ ಕುರಿತು ಚಟಾಕಿ ಹಾರಿಸುವ ಹರಿಕಥೆಯ ದಾಸರನ್ನು ಕಂಡವರಿಗೆ ಈ ತಂತ್ರ ಹೊಸದಲ್ಲ. ಕಿಂಗನು ಇದನ್ನು ಕಲಿತದ್ದು ಇಗರ್ಜಿಯ ಬೋಧಕರಿಂದ. ಒಂದೊಂದು ಮಾತಿಗೂ ಸಭೆಯ ಒಂದೊಂದು ಅರ್ಧ ಉತ್ತರ ಬೀಳುತ್ತದೆ. ಕಿಂಗನು ಆ ಉತ್ತರ ಬೀಳುವಷ್ಟು ಹೊತ್ತು ಕಾದು ಮುಂದಿನ ಮಾತನ್ನು ಆಡುತ್ತಾನೆ. ಹನ್ನೆರಡು ಆವರ್ತಗಳ ಅಚ್ಚಿನಲ್ಲಿದ್ದ ಖಾಲಿ ಜಾಗ ಇಲ್ಲಿ ಮಾತಿನಲ್ಲಿಯೂ ತೆರೆದುಕೊಂಡಿದೆ. ಸಾಲಿನ ಕೊನೆಗೆ ಗಿಟಾರು ಓಗೊಡುತ್ತದೆ, ಗಿಟಾರಿಗೆ ಸಭೆ ಓಗೊಡುತ್ತದೆ, ಸಭೆಯ ಕೂಗಿನ ಬಿಸಿಯಲ್ಲಿ ಮುಂದಿನ ಸಾಲು ಹುಟ್ಟುತ್ತದೆ.

ಅಮೆರಿಕದ ವಿದ್ವಾಂಸ ಚಾರ್ಲ್ಸ್ ಕೈಲ್ 1966ರಲ್ಲಿ ಪ್ರಕಟಿಸಿದ 'ಅರ್ಬನ್ ಬ್ಲೂಸ್' ಎಂಬ ಗ್ರಂಥದಲ್ಲಿ ಕಿಂಗ್, ಬಾಬಿ ಬ್ಲಾಂಡ್ ಮೊದಲಾದ ನಗರದ ಗಾಯಕರನ್ನೂ ಅವರ ಸಭೆಗಳನ್ನೂ ಸ್ಥಳದಲ್ಲೇ ನೋಡಿ ವಿವರಿಸಿದನು. ಹಳ್ಳಿಯ ಕಟ್ಟೆಯ ಮೇಲೆ ಒಂಟಿಯಾಗಿ ಕುಳಿತ ಮುದುಕನ ಹಾಡೊಂದೇ ನಿಜವಾದ ಬ್ಲೂಸ್, ನಗರದ್ದೆಲ್ಲ ಕೆಟ್ಟುಹೋದದ್ದು ಎಂಬ ಪಂಡಿತರ ಮತವನ್ನು ಅವನು ಗಟ್ಟಿಯಾಗಿ ಎದುರಿಸಿದನು. ಬ್ಲೂಸ್ ಗಾಯಕನಿಗೂ ಬೋಧಕನಿಗೂ ಇರುವ ಸಾಮ್ಯವನ್ನು ತೋರಿಸಿದನು. ಆ ಕಾಲದಲ್ಲಿ ಕಪ್ಪು ಜನರ ಬಾಯಲ್ಲಿ ಹೊಸ ಅರ್ಥ ತಳೆದಿದ್ದ 'ಸೋಲ್' ಎಂಬ ಮಾತನ್ನೂ ಅವನು ಚರ್ಚಿಸಿದ್ದಾನೆ. ಈ ಮಾತನ್ನು ಕನ್ನಡದಲ್ಲಿ 'ಆತ್ಮ' ಎಂದರೆ ವೇದಾಂತದ ಕಡೆಗೆ ದಾರಿ ತಪ್ಪುತ್ತದೆ. ನಿರ್ವಿಕಾರವಾದ ಆತ್ಮಕ್ಕೂ ಇದಕ್ಕೂ ಸಂಬಂಧವಿಲ್ಲ. ಒಟ್ಟಾಗಿ ಪಟ್ಟ ಪಾಡಿನಿಂದ ಬಂದ ಕಸುವು, ಅದನ್ನು ಬಚ್ಚಿಡದೆ ಆಡುವ ಎದೆಗಾರಿಕೆ—ಇವೆರಡೂ ಅದರಲ್ಲಿವೆ. ಕನ್ನಡದ 'ಒಡಲು' ಎಂಬ ಮಾತೇ ಇದಕ್ಕೆ ಹತ್ತಿರವೆಂದು ತೋರುತ್ತದೆ.

ತೀ. ನಂ. ಶ್ರೀಕಂಠಯ್ಯನವರ 'ಭಾರತೀಯ ಕಾವ್ಯಮೀಮಾಂಸೆ'ಯನ್ನು ಓದಿದವರಿಗೆ ಸಹೃದಯನ ಕಲ್ಪನೆ ಚೆನ್ನಾಗಿ ತಿಳಿದಿದೆ. ಅಭಿನವಗುಪ್ತನು ಹೇಳುವ ಹೃದಯಸಂವಾದ, ಅಂದರೆ ಕೃತಿಯ ಭಾವಕ್ಕೆ ಕೇಳುವವನ ಎದೆಯು ಶ್ರುತಿಗೂಡುವುದು, ರೀಗಲ್ ಸಭೆಗೆ ಅಕ್ಷರಶಃ ಅನ್ವಯಿಸುತ್ತದೆ. ಆದರೆ ಒಂದು ತೊಡಕಿದೆ. ರಸಾನುಭವಕ್ಕೆ ಸಾಧಾರಣೀಕರಣ ಬೇಕು. ಇದು ನನ್ನ ದುಃಖ, ಇದು ಅವನ ದುಃಖ ಎಂಬ ಭೇದ ಕರಗಬೇಕು. ರೀಗಲಿನಲ್ಲಿ ಕೂಗಿದ ಹೆಂಗಸು ತನ್ನ ದುಃಖವನ್ನು ಮರೆತು ಕೂಗಿದಳೇ, ನೆನೆದು ಕೂಗಿದಳೇ? ನೆನೆದೇ ಕೂಗಿದಳೆಂದು ಹೇಳಬೇಕಾಗುತ್ತದೆ. ಹಾಗಾದರೆ ಅದು ಲೌಕಿಕ ಭಾವವೇ ಹೊರತು ರಸವಲ್ಲವೆಂದು ಲಾಕ್ಷಣಿಕನು ತಳ್ಳಿಹಾಕಿಯಾನು. ಅವಸರದ ತೀರ್ಪು ಅದು. ಅವಳು ತನ್ನದನ್ನು ನೆನೆದ ಕ್ಷಣದಲ್ಲೇ ಪಕ್ಕದ ಸಾಲಿನವಳೂ ಕೂಗಿದ್ದನ್ನು ಕೇಳಿದಳು. ತನ್ನೊಬ್ಬಳದೇ ಎಂದುಕೊಂಡಿದ್ದುದು ಊರೆಲ್ಲರದು ಎಂದು ಆಗ ತಿಳಿಯಿತು. ಸಾಧಾರಣೀಕರಣವು ಇಲ್ಲಿ ಒಬ್ಬೊಬ್ಬರ ಮನಸ್ಸಿನ ಮೌನದಲ್ಲಿ ನಡೆಯದೆ, ಕಿವಿಗೆ ಕೇಳುವಂತೆ, ಸಭೆಯ ನಡುವೆ ನಡೆಯಿತು. ಶಾಸ್ತ್ರವು ಇದನ್ನು ಪ್ರತ್ಯೇಕವಾಗಿ ಹೆಸರಿಸಿಲ್ಲವಾದರೂ ವಿರೋಧಿಸಿದಂತೆಯೂ ಕಾಣುವುದಿಲ್ಲ.

ಕಿಂಗನಿಗೆ ಮಾತ್ರ ಈ ಮುದ್ರಿಕೆಯ ಕೀರ್ತಿಯ ಬಗ್ಗೆ ಸ್ವಲ್ಪ ಬೆರಗಿತ್ತು. ಇದಕ್ಕಿಂತ ಚೆನ್ನಾಗಿ ನುಡಿಸಿದ ಸಂಜೆಗಳು ನೂರಾರಿದ್ದವೆಂದು ಅವನು ಹೇಳಿದ್ದಾನೆ. 1956ರ ಒಂದು ವರ್ಷದಲ್ಲೇ 342 ಕಡೆ ಹಾಡಿದನೆನ್ನಲಾದ ಕಲಾವಿದನ ಮಾತಾದುದರಿಂದ ಅದನ್ನು ನಂಬಬೇಕು. ಆದರೆ ಆ ನೂರಾರು ಸಂಜೆಗಳಲ್ಲಿ ಯಂತ್ರವಿರಲಿಲ್ಲ. 1962ರಲ್ಲಿ ಜೇಮ್ಸ್ ಬ್ರೌನನು ಕಂಪೆನಿಯ ಯಜಮಾನ ಒಪ್ಪದಿದ್ದಾಗ ಸ್ವಂತ ಹಣ ಹಾಕಿ ನ್ಯೂಯಾರ್ಕಿನ ಅಪಾಲೊ ರಂಗಮಂದಿರದ ಕಚೇರಿಯನ್ನು ಮುದ್ರಿಸಿ, 1963ರಲ್ಲಿ ಆ ಮುದ್ರಿಕೆ ವಿಪರೀತವಾಗಿ ಮಾರಾಟವಾದ ಮೇಲೆ, ಇಂಥ ಮಂದಿರಗಳಿಗೆ ಯಂತ್ರವನ್ನು ಹೊತ್ತೊಯ್ಯುವ ಧೈರ್ಯ ಕಂಪೆನಿಗಳಿಗೆ ಬಂದಿತೆನ್ನಬಹುದು. ಅಲ್ಲದೆ ಕಿಂಗನು ಅಳೆಯುತ್ತಿದ್ದುದು ತನ್ನ ವಾದನವನ್ನು. ಮುದ್ರಿಕೆಯ ಹಿರಿಮೆಯಲ್ಲಿ ಅರ್ಧ ಪಾಲು ಅವನದಲ್ಲದ್ದು.

ಆ ಅರ್ಧ ಪಾಲಿನವರು ಅವನನ್ನು ಬಿಟ್ಟುಹೋಗುತ್ತಿದ್ದ ಕಾಲವೂ ಅದೇ. 1960ರ ದಶಕದ ಕಪ್ಪು ತರುಣರಿಗೆ ಬ್ಲೂಸ್ ಬೇಡವಾಗುತ್ತಿತ್ತು. ಹತ್ತಿಯ ಹೊಲ, ಗುಲಾಮಗಿರಿ, ತಲೆ ತಗ್ಗಿಸಿದ ತಂದೆತಾಯಿಗಳು, ಇವೆಲ್ಲ ಅದರಲ್ಲಿ ಅವರಿಗೆ ಕೇಳಿಸುತ್ತಿದ್ದವು. ಹಕ್ಕಿಗಾಗಿ ಬೀದಿಗಿಳಿದ ಪೀಳಿಗೆಗೆ ಅದು ನಾಚಿಕೆಯ ಸಂಗತಿ. ತರುಣರ ಸಭೆಯೊಂದರಲ್ಲಿ ತನ್ನನ್ನು ಕೂಗಿ ಹೀಯಾಳಿಸಿದುದನ್ನೂ, ಆಗ ತಾನು ಪಟ್ಟ ಸಂಕಟವನ್ನೂ ಕಿಂಗನು ಹೇಳಿಕೊಂಡಿದ್ದಾನೆ. ಬೆಳ್ಳಗಿನ ಜನರಿಂದ ಬಂದ ಅವಮಾನಕ್ಕಿಂತ ಇದು ಅವನಿಗೆ ಹೆಚ್ಚು ನಾಟಿದಂತೆ ತೋರುತ್ತದೆ. ಅದೇ ದಶಕದ ಕೊನೆಯ ವರ್ಷಗಳಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಫಿಲ್ಮೋರ್ ಸಭಾಂಗಣದಲ್ಲಿ ಹಾಡಲು ಹೋದಾಗ ಬಾಗಿಲಲ್ಲಿ ನೆರೆದಿದ್ದ ಉದ್ದ ಕೂದಲಿನ ಬಿಳಿಯ ತರುಣರನ್ನು ಕಂಡು ಜಾಗ ತಪ್ಪಿ ಬಂದೆವೆಂದು ಭಾವಿಸಿದನು. ಹಿಂದೆ ಅದೇ ಸಭಾಂಗಣದಲ್ಲಿ ಕಪ್ಪು ಜನರಿಗೆ ಹಾಡಿದ್ದವನು ಅವನು. ಒಳಗೆ ಅವನ ಹೆಸರು ಹೇಳಿದೊಡನೆ ಸಭೆಯೆಲ್ಲ ಎದ್ದು ನಿಂತಿತು, ಅವನು ಅತ್ತನು. 1969ರಲ್ಲಿ ತಂತಿವಾದ್ಯಗಳ ಹಿನ್ನೆಲೆಯೊಡನೆ ಮುದ್ರಿಸಿದ 'ದ ಥ್ರಿಲ್ ಈಸ್ ಗಾನ್' ಎಂಬ ಹಾಡು ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ಹದಿನೈದನೆಯ ಸ್ಥಾನಕ್ಕೇರಿತು. ಅನ್ನವೂ ಕೀರ್ತಿಯೂ ಅಲ್ಲಿಂದ ಮುಂದೆ ಧಾರಾಳವಾದವು.

ಹೊಸ ಶ್ರೋತೃಗಳ ಪ್ರೀತಿ ನಿಷ್ಕಪಟವಾದದ್ದು, ಅದನ್ನು ಕಿರಿದು ಮಾಡಬಾರದು. ಆದರೆ ಅವರು ಕೇಳುವ ರೀತಿ ಬೇರೆ. ಅವರಿಗೆ ಮೊದಲು ಗಿಟಾರು, ಆಮೇಲೆ ಹಾಡು. ವಾದನ ಮುಗಿಯುವವರೆಗೆ ತದೇಕಚಿತ್ತರಾಗಿ ಕೇಳಿ ಕೊನೆಗೆ ಚಪ್ಪಾಳೆ ತಟ್ಟುತ್ತಾರೆ. ಚಪ್ಪಾಳೆಯು ಗೌರವ, ಅದು ಓಗೊಟ್ಟಂತಾಗುವುದಿಲ್ಲ. ಸಾಲಿನ ಕೊನೆಯ ಖಾಲಿ ಜಾಗ ಸಭೆಯಿಂದ ತುಂಬದಿದ್ದಾಗ ಗಿಟಾರೇ ಅದನ್ನೆಲ್ಲ ತುಂಬಬೇಕಾಗುತ್ತದೆ. ಮುಂದಿನ ಪೀಳಿಗೆಯ ಬ್ಲೂಸ್ ಮುದ್ರಿಕೆಗಳಲ್ಲಿ ಗಿಟಾರಿನ ವಿಸ್ತಾರ ಬೆಳೆದು ಹಾಡಿನ ಪಾಲು ಕುಗ್ಗಿದ್ದಕ್ಕೆ ಇದೂ ಒಂದು ಕಾರಣವಿರಬೇಕು. ಇದಕ್ಕೆ ಎದುರಾದ ಸಾಕ್ಷ್ಯವನ್ನು ಕೇಳಬೇಕೆನ್ನುವವರು ಚಿಕಾಗೋದಲ್ಲೇ, 1970ರ ಸೆಪ್ಟೆಂಬರ್ 10ರಂದು ಕುಕ್ ಕೌಂಟಿ ಸೆರೆಮನೆಯಲ್ಲಿ ಮುದ್ರಿಸಿ 1971ರಲ್ಲಿ ಹೊರತಂದ ಕಚೇರಿಯನ್ನು ಕೇಳಬೇಕು. ಶ್ರೋತೃಗಳು ಕೈದಿಗಳು, ಬಹುಪಾಲು ಕಪ್ಪು ತರುಣರು. ಮೊದಲಿಗೆ ಷೆರಿಫನ ಮತ್ತು ನ್ಯಾಯಾಧೀಶನ ಹೆಸರುಗಳನ್ನು ಹೇಳಿದಾಗ ಅವರು ಛೀಮಾರಿ ಹಾಕುವುದನ್ನೂ ಮುದ್ರಿಕೆಯಲ್ಲಿ ಉಳಿಸಲಾಗಿದೆ. ಬ್ಲೂಸನ್ನು ಒಲ್ಲೆನೆಂದಿದ್ದ ಪೀಳಿಗೆಯವರೇ ಇವರು. 'ವರಿ, ವರಿ' ಅಲ್ಲಿಯೂ ಇದೆ, ರೀಗಲಿನದಕ್ಕಿಂತ ದೀರ್ಘವಾಗಿ. ನಗೆಯಲ್ಲಿ ಒಂದು ಒರಟುತನವಿದೆ, ಆದರೂ ಮಾತಿಗೆ ಮಾತು ಕೂಡಿಕೊಳ್ಳುತ್ತದೆ. ಮುಂದೆ ಕಿಂಗನು ಸೆರೆಮನೆಗಳಲ್ಲಿ ಹಾಡುವುದನ್ನು ಒಂದು ಕರ್ತವ್ಯವಾಗಿಯೇ ನಡೆಸಿದನು. 2015ರ ಮೇ 14ರಂದು ಅವನು ತೀರಿಕೊಂಡನು. ರೀಗಲ್ ಮಂದಿರವನ್ನು 1973ರಲ್ಲೇ ಕೆಡವಲಾಗಿತ್ತು.

ಸಮಕಾಲೀನ ಬ್ಲೂಸ್ ಈ ಎರಡು ಬಗೆಯ ಸಭೆಗಳ ನಡುವೆ ಬದುಕುತ್ತಿದೆ. ಕಿಂಗನು ಬೆಳೆದ ಅದೇ ಮಿಸಿಸಿಪ್ಪಿಯ ಬಯಲಿನಲ್ಲಿ, ಕ್ಲಾರ್ಕ್ಸ್‌ಡೇಲ್ ಎಂಬಲ್ಲಿ, 1999ರಲ್ಲಿ ಹುಟ್ಟಿದ ಕ್ರಿಸ್ಟೋನ್ 'ಕಿಂಗ್‌ಫಿಶ್' ಇಂಗ್ರಮ್ ಆ ಊರಿನ ಬ್ಲೂಸ್ ವಸ್ತುಸಂಗ್ರಹಾಲಯದ ತರಗತಿಗಳಲ್ಲಿ ಈ ವಿದ್ಯೆಯನ್ನು ಕಲಿತ ತರುಣ. ಮನೆಯಂಗಳದಲ್ಲಿದ್ದ ವಿದ್ಯೆಯನ್ನು ವಸ್ತುಸಂಗ್ರಹಾಲಯದಲ್ಲಿ ಕಲಿಯಬೇಕಾಗಿ ಬಂದುದು ಕಾಲದ ಮಾರ್ಪಾಡು. ಆ ಪ್ರದೇಶದ ದೂರವಾಣಿಯ ಸಂಖ್ಯೆಯನ್ನೇ ಹೆಸರಾಗಿಟ್ಟ ಅವನ '662' ಎಂಬ ಮುದ್ರಿಕೆ 2021ರಲ್ಲಿ, ಸಾಂಕ್ರಾಮಿಕದಿಂದ ಸಭಾಂಗಣಗಳು ಬಹುಕಾಲ ಮುಚ್ಚಿದ್ದ ದಿನಗಳಲ್ಲಿ, ಹೊರಬಂದು ಮರುವರ್ಷ ಸಮಕಾಲೀನ ಬ್ಲೂಸಿನ ಗ್ರ್ಯಾಮಿ ಪ್ರಶಸ್ತಿಯನ್ನು ಪಡೆಯಿತು. ವಾದನ ಅತಿ ನಿಪುಣ, ದನಿ ವಯಸ್ಸಿಗೆ ಮೀರಿದ್ದು. ಆದರೂ ಮುದ್ರಣಾಲಯದ ಮೌನದಲ್ಲಿ ಸಾಲುಗಳ ಕೊನೆಯನ್ನು ಗಿಟಾರೊಂದೇ ಹೊರಬೇಕಾಗಿದೆ. 2023ರಲ್ಲಿ ಲಂಡನ್ನಿನ ಸಭಾಂಗಣವೊಂದರಲ್ಲಿ ಮುದ್ರಿಸಿದ ಅವನ ಕಚೇರಿಯನ್ನು ಇದರ ಜೊತೆಗಿಟ್ಟು ಕೇಳಿದರೆ ಜನರ ಮುಂದೆ ಅದೇ ಕೈ ಎಷ್ಟು ಸಡಿಲಗೊಳ್ಳುತ್ತದೆಂಬುದು ತಿಳಿಯುತ್ತದೆ.

ಮುಂಬಯಿಯವರಿಗೆ ಇದನ್ನು ಕಣ್ಣಾರೆ ಕಾಣುವ ಅವಕಾಶವೂ ದೊರೆತಿದೆ. 2011ರಲ್ಲಿ ಬಾಂದ್ರಾದ ಮೆಹಬೂಬ್ ಸ್ಟುಡಿಯೋದಲ್ಲಿ ಮೊದಲ ಮಹೀಂದ್ರಾ ಬ್ಲೂಸ್ ಉತ್ಸವ ನಡೆದಾಗ ಬಡ್ಡಿ ಗೈ ಅವರು ಬಂದು ನುಡಿಸಿದರು. 1957ರಲ್ಲಿ ಲೂಯಿಸಿಯಾನದಿಂದ ಚಿಕಾಗೋಗೆ ವಲಸೆ ಬಂದು, ರೀಗಲ್ ಕಾಲದ ಆ ನಗರದಲ್ಲೇ ಪಳಗಿದವರು ಅವರು. ನುಡಿಸುತ್ತ ನುಡಿಸುತ್ತ ವೇದಿಕೆಯಿಂದ ಇಳಿದು ಜನರ ನಡುವೆ ನಡೆದುಹೋಗುವುದು ಅವರ ಹಳೆಯ ರೂಢಿ. ಹಾಡಿನ ಸಾಲನ್ನು ಅರ್ಧಕ್ಕೇ ಬಿಟ್ಟು, ಉಳಿದರ್ಧಕ್ಕಾಗಿ ಎದುರಿಗಿದ್ದವರ ಮುಖ ನೋಡುವುದೂ ಅವರ ರೂಢಿಯೇ.